ಬೆಲ್ಜಿಯಂನಲ್ಲಿ ಅಜ್ಜ ಕಂಡ ಹೊಲಿಗೆ

ದಾವಣಗೆರೆಯಿಂದ ಹೋದ ಅಜ್ಜನಿಗೆ ಬೆಲ್ಜಿಯಂನ ಲೂವೆನ್ ಊರಿನಲ್ಲಿ ಮೊದಲು ಕಾಡಿದ್ದು ಬೆಳಕು. ಅದು 2024ರ ಮೇ ತಿಂಗಳ ಕೊನೆ. ರಾತ್ರಿ ಒಂಬತ್ತೂವರೆಯಾದರೂ ಕಿಟಕಿಯಾಚೆ ಹಗಲು ಮುಗಿದಿರಲಿಲ್ಲ. ಊಟ ಮಾಡಿ ಮಲಗುವುದೋ, ಇನ್ನೊಂದು ಸುತ್ತು ತಿರುಗಾಡಿ ಬರುವುದೋ ತಿಳಿಯದೆ ಅಜ್ಜ ಸೋಫಾದ ತುದಿಯಲ್ಲಿ ಕೂತಿರುತ್ತಿದ್ದರು. ಅಂಥ ಒಂದು ರಾತ್ರಿ ಮಗ ತನ್ನ ಮನಸ್ಸಿನ ಮಾತು ತೆಗೆದ.

"ಅಪ್ಪಾ, ನೀವು ಅವಳಿಗೆ ಒಂದು ಮಾತು ಹೇಳಿ. ನಾವು ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

ವಿಷಯ ಇಷ್ಟೇ. ಮೊಮ್ಮಗಳಿಗೆ ಹದಿನೇಳು. ಲೂವೆನ್‌ನಲ್ಲೇ ಹುಟ್ಟಿ ಬೆಳೆದವಳು. ಶಾಲೆಯ ಕೊನೆಯ ವರ್ಷ. ಗಣಿತದಲ್ಲಿ ಒಳ್ಳೆಯ ಅಂಕಗಳು. ಹದಿನೆಂಟು ವರ್ಷಗಳಿಂದ ಅಲ್ಲಿ ಚಿಪ್ ಸಂಶೋಧನೆಯಲ್ಲಿರುವ ತಂದೆಗೆ, ಮಗಳೂ ಇಂಜಿನಿಯರ್ ಆಗುತ್ತಾಳೆಂಬ ನಂಬಿಕೆ. ಅವಳು ಮಾತ್ರ ಆಂಟ್‌ವರ್ಪ್ ನಗರದ ರಾಯಲ್ ಲಲಿತಕಲಾ ಅಕಾಡೆಮಿಯ ಫ್ಯಾಷನ್ ವಿಭಾಗದ ಪ್ರವೇಶ ಪರೀಕ್ಷೆಗೆ ಹೆಸರು ಕೊಟ್ಟಿದ್ದಳು. "ಬಟ್ಟೆ ಹೊಲಿಯೋದಕ್ಕೆ ನಾಲ್ಕು ವರ್ಷ ಓದಬೇಕಾ?" ಎಂದು ತಂದೆ ಕೇಳಿದ್ದ. ಅಂದಿನಿಂದ ಮನೆಯಲ್ಲಿ ಊಟದ ಹೊತ್ತಿಗೆ ಮಾತು ಕಡಿಮೆಯಾಗಿತ್ತು.

ಅಜ್ಜನಿಗೂ ಬಟ್ಟೆಯ ಮೇಲೆ ಅಂಥ ಪ್ರೀತಿ ಉಳಿದಿರಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಒಂದು ಗಿರಣಿಯಲ್ಲಿ, ನೇಯ್ಗೆ ಖಾತೆಯಲ್ಲಿ, ಇಪ್ಪತ್ತಾರು ವರ್ಷ ದುಡಿದವರು ಅವರು. 1995ರಲ್ಲಿ ಗಿರಣಿ ಬಾಗಿಲು ಹಾಕಿತು. ಅದೇ ವರ್ಷ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಬರಬೇಕಾದ ಬಾಕಿ ಹಣ ಕೈಗೆ ಬರುವ ಮೊದಲೇ ಅಜ್ಜಿಯ ಬಳೆಗಳು ಮಾರಾಟವಾದವು. "ಬಟ್ಟೆ ನಂಬಿದವನು ಬೆತ್ತಲೆ" ಎಂದು ಅಜ್ಜ ಆಗೆಲ್ಲ ಹೇಳುತ್ತಿದ್ದರು. ಆದರೂ ಆ ರಾತ್ರಿ ಮಗನಿಗೆ ಅವರು ಕೂಡಲೇ ಹೂಂ ಎನ್ನಲಿಲ್ಲ.

"ಮೊದಲು ಅವಳು ಏನು ತೋರಿಸ್ತಾಳೋ ನೋಡ್ತೀನಿ. ನೋಡದೆ ಬೇಡ ಅನ್ನೋದು ಹೆಂಗೆ?"

ಹೀಗೆ ಮೂರು ಭಾನುವಾರಗಳ ತಿರುಗಾಟ ಗೊತ್ತಾಯಿತು.

* * *

ಮೊದಲ ಭಾನುವಾರ ಮಗನ ಆಯ್ಕೆ. ರಾಜಧಾನಿ ಬ್ರಸೆಲ್ಸ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಬೆಲ್ಜಿಯಂ ದೊಡ್ಡ ದೇಶವಲ್ಲ. ಕರ್ನಾಟಕದ ಆರನೆಯ ಒಂದು ಭಾಗದಷ್ಟು ನೆಲ. ಅಷ್ಟರಲ್ಲೇ ಡಚ್, ಫ್ರೆಂಚ್, ಜರ್ಮನ್ ಎಂಬ ಮೂರು ಅಧಿಕೃತ ಭಾಷೆಗಳು. ಲೂವೆನ್ ನಿಲ್ದಾಣದಲ್ಲಿ ಡಚ್ ಫಲಕ ನೋಡಿ ಹತ್ತಿದವರು ಬ್ರಸೆಲ್ಸ್‌ನಲ್ಲಿ ಎರಡು ಭಾಷೆಯ ಫಲಕ ನೋಡುತ್ತ ಇಳಿಯುತ್ತಾರೆ.

ಮಗ ತೋರಿಸಿದ್ದು ಆಟೋಮಿಯಂ. 1958ರ ವಿಶ್ವ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ್ದು. ಹೊಳೆಯುವ ಒಂಬತ್ತು ಗೋಳಗಳು. ಒಂದೊಂದರ ವ್ಯಾಸ 18 ಮೀಟರ್. ಅವನ್ನು ಕೊಳವೆಗಳು ಜೋಡಿಸಿವೆ. ಕೊಳವೆಯೊಳಗೆ ಮೆಟ್ಟಿಲು, ಲಿಫ್ಟು. ಕಬ್ಬಿಣದ ಸ್ಫಟಿಕದಲ್ಲಿ ಪರಮಾಣುಗಳು ಒಂದು ಘನದ ಎಂಟು ಮೂಲೆಗಳಲ್ಲಿ ಎಂಟು, ನಟ್ಟನಡುವೆ ಒಂದು, ಹೀಗೆ ಕೂತಿರುತ್ತವೆ. ಆ ಒಂದು ಘನವನ್ನು 16,500 ಕೋಟಿ ಪಟ್ಟು ಹಿಗ್ಗಿಸಿ, ಒಂದು ಮೂಲೆಯ ಮೇಲೆ ನಿಲ್ಲಿಸಿದಂತೆ ಈ ಕಟ್ಟಡ.

ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಹಾಕಿ ನೋಡಬಹುದು. ಕಬ್ಬಿಣದ ಈ ಘನದ ಒಂದು ಬದಿ 2.87 ಆಂಗ್‌ಸ್ಟ್ರಾಂ. ಒಂದು ಮೀಟರನ್ನು ಸಾವಿರ ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಒಂದು ಆಂಗ್‌ಸ್ಟ್ರಾಂ. 16,500 ಕೋಟಿಯಿಂದ ಗುಣಿಸಿದರೆ ಬದಿಯ ಉದ್ದ ಸುಮಾರು 47 ಮೀಟರ್ ಆಗುತ್ತದೆ. ಮೂಲೆಯ ಮೇಲೆ ನಿಂತ ಘನದ ಎತ್ತರವೆಂದರೆ ಅದರ ಒಳಕರ್ಣ. 47ನ್ನು 3ರ ವರ್ಗಮೂಲದಿಂದ ಗುಣಿಸಿದರೆ ಸುಮಾರು 81. ಮೇಲಿನ ಗೋಳದ ಅರ್ಧ ಮತ್ತು ಕೆಳಗಿನ ಗೋಳದ ಅರ್ಧ ಸೇರಿ 18. ಒಟ್ಟು ಸುಮಾರು 99. ಆಟೋಮಿಯಂನ ನಿಜವಾದ ಎತ್ತರ 102 ಮೀಟರ್.

"ನೋಡಿದ್ಯಾ, ಇದು ಇಂಜಿನಿಯರಿಂಗ್" ಎಂದ ಮಗ, ಮಗಳ ಕಡೆ ತಿರುಗಿ. ಅವಳು ಜಗಳಕ್ಕೆ ಬರಲಿಲ್ಲ. ಇದನ್ನು ಕಲ್ಪಿಸಿದವನು ಆಂದ್ರೆ ವಾಟರ್‌ಕೈನ್ ಎಂಬ ಇಂಜಿನಿಯರ್, ಸರಿ. ಜೊತೆಯಲ್ಲಿ ದುಡಿದವರು ಪೋಲಾಕ್ ಸಹೋದರರೆಂಬ ವಾಸ್ತುಶಿಲ್ಪಿಗಳು ಎಂದಳು. ಕೆಲವೇ ತಿಂಗಳಿಗೆಂದು ಕಟ್ಟಿದ್ದನ್ನು ಪ್ರದರ್ಶನ ಮುಗಿದ ಮೇಲೂ ಕೆಡವದೆ ಉಳಿಸಿಕೊಂಡವರು ಜನ. ಮೇಲಿನ ಅಲ್ಯೂಮಿನಿಯಂ ಹೊದಿಕೆ ಮಾಸಿದಾಗ, 2004ರಿಂದ 2006ರವರೆಗೆ ರಿಪೇರಿ ಮಾಡಿ ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿದರು. "ಉಪಯೋಗ ಇಲ್ಲ ಅಂತ ಕೆಡವಬಹುದಿತ್ತಲ್ಲ ಅಪ್ಪಾ? ಚೆಂದ ಇದೆ ಅಂತ ಉಳಿಸಿದ್ರು" ಎಂದು ಸುಮ್ಮನಾದಳು.

* * *

ಎರಡನೆಯ ಭಾನುವಾರ ಘೆಂಟ್. ಅಜ್ಜನಿಗೆ ಅಲ್ಲಿ ಒಂದು ಆಶ್ಚರ್ಯ ಕಾದಿತ್ತು. ಒಂದು ಕಾಲದಲ್ಲಿ ಘೆಂಟ್ ನಗರವನ್ನೂ ಯೂರೋಪ್ ಖಂಡದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರಂತೆ. ಲೀವನ್ ಬೌವೆನ್ಸ್ ಎಂಬಾತ 1800ರ ಆಸುಪಾಸಿನಲ್ಲಿ ಇಂಗ್ಲೆಂಡಿನಿಂದ ನೂಲುವ ಯಂತ್ರದ ಭಾಗಗಳನ್ನು ಕದ್ದು ಸಾಗಿಸಿ ತಂದ. ಇಂಗ್ಲಿಷರು ಅವನಿಗೆ ಮರಣದಂಡನೆ ವಿಧಿಸಿದರು, ಸಿಕ್ಕಿದ್ದರೆ ತಾನೆ! ಅವನು ತಂದ ಯಂತ್ರದಿಂದ ಘೆಂಟ್ ಗಿರಣಿಗಳ ಊರಾಯಿತು. ಆ ಗಿರಣಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಮುಚ್ಚಿದವು. ಹಳೆಯ ಹತ್ತಿ ಗಿರಣಿಯೊಂದು ಈಗ ಕೈಗಾರಿಕಾ ವಸ್ತುಸಂಗ್ರಹಾಲಯ.

ಮಗ್ಗಗಳ ಸಾಲಿನ ಮುಂದೆ ಅಜ್ಜ ತುಂಬ ಹೊತ್ತು ನಿಂತರು. ಎಣ್ಣೆ ಮತ್ತು ಹತ್ತಿಯ ಅದೇ ವಾಸನೆ. ಹರಿದ ಎಳೆಯೊಂದು ಜೋತಾಡುತ್ತಿತ್ತು. ಮುಟ್ಟಬಾರದೆಂಬ ಫಲಕ ಎದುರಿಗಿದ್ದರೂ ಕೈ ತಾನಾಗಿ ಮುಂದೆ ಹೋಯಿತು. ಮೊಮ್ಮಗಳು ಮೆಲ್ಲಗೆ ಹಿಡಿದುಕೊಂಡಳು.

ಮೆಟ್ಟಿಲು ಇಳಿಯುವಾಗ ಅವಳೊಂದು ವಿಷಯ ಹೇಳಿದಳು. ಬ್ರಸೆಲ್ಸ್‌ನಲ್ಲಿ ರೋಟರ್ ಎಂಬ ವಿನ್ಯಾಸಕಾರರ ಗುಂಪಿದೆ. ಕೆಡವುವ ಕಟ್ಟಡಗಳಿಂದ ಹಂಚು, ಬಾಗಿಲು, ನೆಲಹಾಸುಗಳನ್ನು ಹುಷಾರಾಗಿ ಬಿಚ್ಚಿ ಮರುಬಳಕೆಗೆ ತರುವುದು ಅವರ ಕಸುಬು. 2010ರಲ್ಲಿ ವೆನಿಸ್‌ನ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಬೆಲ್ಜಿಯಂನ ಮಂಟಪ ಅವರ ಪಾಲಿಗೆ ಬಂತು. ಉಳಿದ ದೇಶಗಳು ಹೊಸ ಕಟ್ಟಡಗಳ ಮಾದರಿ ಇಟ್ಟರೆ, ಇವರು ಜನ ತುಳಿದು ಸವೆದ ಮೆಟ್ಟಿಲು, ಸವೆದ ನೆಲಹಾಸುಗಳನ್ನು ಚಿತ್ರಗಳ ಹಾಗೆ ಇಟ್ಟರು. ಸವೆತವೇ ಅಲ್ಲಿ ನೋಡುವ ವಸ್ತು.

ಅಜ್ಜ ತಮ್ಮ ಬಲ ಹೆಬ್ಬೆರಳು ನೋಡಿಕೊಂಡರು. ಎಳೆಗೆ ಗಂಟು ಹಾಕಿ ಹಾಕಿ ಅದರ ತುದಿ ಎಂದೋ ಚಪ್ಪಟೆಯಾಗಿತ್ತು.

ಊರ ನಡುವೆ ಮೂರು ಹಳೆಯ ಗೋಪುರಗಳ ಮಧ್ಯೆ ಒಂದು ವಿಚಿತ್ರ ಚಾವಣಿ. ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗ. 2012ರಲ್ಲಿ ರಾಬ್ರೆಕ್ಟ್ ಮತ್ತು ದಾಮ್ ಜೋಡಿ, ಮಾರಿ ಜೋಸೆ ವಾನ್ ಹೇ ಎಂಬ ವಾಸ್ತುಶಿಲ್ಪಿಯೊಂದಿಗೆ ಸೇರಿ ಇದನ್ನು ಕಟ್ಟಿದರು. ಗೋಡೆಗಳೇ ಇಲ್ಲ. ದಪ್ಪ ಕಾಂಕ್ರೀಟ್ ಕಾಲುಗಳ ಮೇಲೆ ಮರದ ಎರಡು ಇಳಿಜಾರು ಮಾಡುಗಳು. ಮಾಡಿನ ತುಂಬ ಚಿಕ್ಕ ಚಿಕ್ಕ ಗಾಜಿನ ಕಿಂಡಿಗಳು. ಊರವರು ಇದಕ್ಕೆ ಕುರಿ ದೊಡ್ಡಿ ಎಂದು ಹೆಸರಿಟ್ಟು ನಕ್ಕಿದ್ದೂ ಉಂಟು. ಅಷ್ಟರಲ್ಲಿ ಮಳೆ ಹನಿಯಿತು. ನಕ್ಕವರೂ ನಗದವರೂ ಒಂದೇ ಮಾಡಿನ ಕೆಳಗೆ ಬಂದು ನಿಂತರು.

ಮಳೆ ನಿಲ್ಲುವವರೆಗೆ ಹತ್ತಿರದ ಕಾಫಿ ಅಂಗಡಿಯಲ್ಲಿ ಕೂತರು. ಬೂದು ಬಣ್ಣದ ಸಪೂರ ಕುರ್ಚಿ ಹಲಗೆಯಂತೆ ಗಟ್ಟಿಯಾಗಿ ಕಂಡಿತು. ಬೆನ್ನು ಕೊಟ್ಟರೆ ಹಿತವಾಗಿ ಹಿಂದಕ್ಕೆ ಬಾಗಿತು. ಮಾರ್ಟೆನ್ ವಾನ್ ಸೇವರನ್ ಎಂಬ ವಿನ್ಯಾಸಕಾರನ ಕುರ್ಚಿ; ಘೆಂಟ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡು ಕೈಯಾರೆ ಮಾಡುತ್ತಿದ್ದವನು, 2005ರಲ್ಲಿ ತೀರಿಕೊಂಡ. ಬೆನ್ನಿನೊಳಗೆ ಕಾಣದಂತೆ ಉಕ್ಕಿನ ಪಟ್ಟಿ ಸ್ಪ್ರಿಂಗು ಇಟ್ಟಿದ್ದಾನೆ ಎಂದಳು ಮೊಮ್ಮಗಳು. ಮಗ ಎದ್ದು ಕುರ್ಚಿ ಬೋರಲು ಹಾಕಿ ನೋಡಿದ.

ಕಲೆಯ ಮಾತು ಬಂದಾಗ ಮಾತ್ರ ಅಜ್ಜನಿಗೆ ನಗು ತಡೆಯಲಿಲ್ಲ. ವಿಮ್ ಡೆಲ್ವಾಯ್ ಎಂಬ ಕಲಾವಿದ 2000ದಲ್ಲಿ ಆಂಟ್‌ವರ್ಪ್‌ನಲ್ಲಿ ಒಂದು ಯಂತ್ರ ಪ್ರದರ್ಶಿಸಿದ, ಹೆಸರು ಕ್ಲೊವಾಕಾ. ಸಾಲಾಗಿ ಗಾಜಿನ ಪಾತ್ರೆಗಳು, ಕೊಳವೆಗಳು, ಪಂಪುಗಳು. ಒಂದು ತುದಿಯಲ್ಲಿ ಊಟ ಹಾಕಬೇಕು. ಮೈಶಾಖದಲ್ಲಿ, ಕಿಣ್ವಗಳ ನಡುವೆ ಅದು ಜೀರ್ಣವಾಗುತ್ತ ಸಾಗಿ, ಇನ್ನೊಂದು ತುದಿಯಲ್ಲಿ ಏನು ಬರಬೇಕೋ ಅದೇ ಬರುತ್ತದೆ.

"ಅದಕ್ಕೆ ಯಂತ್ರ ಯಾಕವ್ವ? ನಮ್ಮ ಮನೇಲಿ ಎಮ್ಮೆ ಇತ್ತಲ್ಲ!"

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕರು ಮೂವರೂ. ನಗು ನಿಂತ ಮೇಲೆ ಮೊಮ್ಮಗಳು ಹೇಳಿದಳು: ನಮ್ಮ ಹೊಟ್ಟೆ ದಿನಾ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಹೊರಗೆ ಎಷ್ಟು ಸರಂಜಾಮು ಬೇಕು ಎಂಬುದು ಆ ಯಂತ್ರ ನೋಡಿದ ಮೇಲೇ ತಿಳಿಯುತ್ತದೆ. ಇದನ್ನು ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮೇಷ್ಟರು ಒಪ್ಪದಿರಲಾರರು.

ಘೆಂಟ್‌ನ ಸ್ಮಾಕ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿ ಪನಮರೆಂಕೊ ಎಂಬಾತನ ವಾಯುನೌಕೆಯಿದೆ. 1969ರಿಂದ 1971ರವರೆಗೆ ಮಾಡಿದ್ದು. ಚುಟ್ಟದ ಆಕಾರದ ಉದ್ದನೆಯ ಬಲೂನು, ಕೆಳಗೆ ಬೆತ್ತದಲ್ಲಿ ಹೆಣೆದ ಕೋಣೆ. ಅವನು 2019ರಲ್ಲಿ ತೀರಿಕೊಂಡ. ಜೀವಮಾನವಿಡೀ ವಿಮಾನ, ಜಲಾಂತರ್ನೌಕೆ, ಹಾರುವ ತಟ್ಟೆಗಳನ್ನು ಕಟ್ಟಿದ. ಹೆಚ್ಚಿನವು ಹಾರಲಿಲ್ಲ. ಆದರೂ ಲೆಕ್ಕ, ನಕ್ಷೆ, ಮಾದರಿ ಯಾವುದನ್ನೂ ಅವನು ಕೈಬಿಟ್ಟವನಲ್ಲ.

* * *

ಮೂರನೆಯ ಭಾನುವಾರ ಆಂಟ್‌ವರ್ಪ್. ಅಲ್ಲಿನ ಅಕಾಡೆಮಿ ಶುರುವಾದದ್ದು 1663ರಲ್ಲಿ. ಸರಿಯಾಗಿ ಮುನ್ನೂರು ವರ್ಷಗಳ ಮೇಲೆ, 1963ರಲ್ಲಿ, ಮೇರಿ ಪ್ರಿಜೊ ಎಂಬ ಶಿಕ್ಷಕಿ ಅಲ್ಲಿ ಫ್ಯಾಷನ್ ವಿಭಾಗ ತೆರೆದರು. ಬಲು ಶಿಸ್ತಿನ ಹೆಂಗಸು. ಪ್ಯಾರಿಸ್‌ನ ಶನೆಲ್ ಶೈಲಿಯೇ ಅವರಿಗೆ ಆದರ್ಶ. ಅವರ ಕೈಕೆಳಗೆ ಕಲಿತು 1980, 1981ರಲ್ಲಿ ಹೊರಬಿದ್ದ ಆರು ಜನ ಹುಡುಗ ಹುಡುಗಿಯರು ಮುಂದೆ ಲೋಕಪ್ರಸಿದ್ಧರಾದರು.

ಅದೇ ಕಾಲಕ್ಕೆ ಬೆಲ್ಜಿಯಂನ ಬಟ್ಟೆ ಉದ್ಯಮ ಕುಸಿಯುತ್ತಿತ್ತು. ಅಗ್ಗದ ಬಟ್ಟೆ ಹೊರಗಿನಿಂದ ಬರುತ್ತಿತ್ತು, ಕಾರ್ಖಾನೆಗಳು ಮುಚ್ಚುತ್ತಿದ್ದವು. 1981ರಲ್ಲಿ ಅಲ್ಲಿನ ಸರ್ಕಾರ ಒಂದು ವಸ್ತ್ರ ಯೋಜನೆ ತಂದಿತು. ಯಂತ್ರಗಳಿಗೆ ಹಣ ಕೊಟ್ಟದ್ದಲ್ಲದೆ, ಬಟ್ಟೆಯನ್ನು ವಿನ್ಯಾಸಗೊಳಿಸುವ ಎಳೆಯರಿಗೂ ಒತ್ತಾಸೆ ಕೊಟ್ಟಿತು. 1982ರಲ್ಲಿ ಚಿನ್ನದ ಲಾಳಿ ಎಂಬ ಸ್ಪರ್ಧೆ ಆರಂಭವಾಯಿತು. ಸ್ಪರ್ಧಿಗಳ ಕಲ್ಪನೆಯನ್ನು ಅಲ್ಲಿನ ಕಾರ್ಖಾನೆಗಳೇ ನೇಯ್ದು ಹೊಲಿದು ಕೊಡಬೇಕು. ಮೊದಲ ಬಹುಮಾನ ಆನ್ ಡೆಮುಲೆಮೇಸ್ಟರ್ ಎಂಬ ಹುಡುಗಿಗೆ. ಆ ಆರು ಜನರಲ್ಲಿ ಅವಳೂ ಒಬ್ಬಳು.

ಲಾಳಿ ಎಂಬ ಮಾತು ಕೇಳಿ ಅಜ್ಜ ಕತ್ತೆತ್ತಿದರು. "ಗಿರಣಿಯವರೂ ಈ ಹುಡುಗರೂ ಒಟ್ಟಿಗೆ ಕೂತು ಮಾಡಿದ್ರಾ?" ಎಂದು ಎರಡು ಸಲ ಕೇಳಿದರು.

1986ರಲ್ಲಿ ಆರೂ ಜನ ಒಂದು ವ್ಯಾನ್ ಬಾಡಿಗೆಗೆ ಹಿಡಿದು, ಬಟ್ಟೆ ತುಂಬಿಕೊಂಡು ಲಂಡನ್ನಿನ ಫ್ಯಾಷನ್ ಮೇಳಕ್ಕೆ ಹೋದರು. ಮಹಡಿಯ ಮೇಲೆ, ಮದುವೆ ಉಡುಪುಗಳ ನಡುವೆ ಮೂಲೆಯ ಜಾಗ ಸಿಕ್ಕಿತು. ಯಾರೂ ಹತ್ತಿ ಬರಲಿಲ್ಲ. ಕರಪತ್ರ ಮಾಡಿ ಕೆಳಗೆ ಹಂಚಿದರು. ಆಮೇಲೆ ನ್ಯೂಯಾರ್ಕಿನ ಬಾರ್ನೀಸ್ ಮಳಿಗೆಯವರು ಬಂದು ಮಾಲು ಬೇಕೆಂದರು. ಡೆಮುಲೆಮೇಸ್ಟರ್, ಬಿಕ್ಕೆಂಬರ್ಗ್ಸ್, ವಾನ್ ಬೇರೆನ್‌ಡಾಂಕ್ ಎಂದೆಲ್ಲ ಹೆಸರು ಹೇಳಲು ನಾಲಿಗೆ ಹೊರಳದ ಇಂಗ್ಲಿಷ್ ಪತ್ರಕರ್ತರು 'ಆಂಟ್‌ವರ್ಪ್‌ನ ಆರು ಮಂದಿ' ಎಂದು ಬರೆದು ಕೈ ತೊಳೆದುಕೊಂಡರು. ಆ ಹೆಸರೇ ನಿಂತಿತು. ಅವರಲ್ಲಿ ವಾಲ್ಟರ್ ವಾನ್ ಬೇರೆನ್‌ಡಾಂಕ್ ಅದೇ ಅಕಾಡೆಮಿಗೆ ಮೇಷ್ಟರಾಗಿ ಮರಳಿ, 2007ರಿಂದ 2022ರವರೆಗೆ ಫ್ಯಾಷನ್ ವಿಭಾಗದ ಮುಖ್ಯಸ್ಥನೂ ಆಗಿದ್ದ.

2002ರಲ್ಲಿ ತೆರೆದ ಮೋಮು ಎಂಬ ಫ್ಯಾಷನ್ ವಸ್ತುಸಂಗ್ರಹಾಲಯದಲ್ಲಿ ಮೊಮ್ಮಗಳು ಒಬ್ಬೊಬ್ಬರ ಕತೆಯನ್ನೂ ಬಿಡಿಸುತ್ತ ಹೋದಳು. ಡ್ರೀಸ್ ವಾನ್ ನೋಟೆನ್‌ನ ತಾತ ದರ್ಜಿ, ತಂದೆಯದು ಬಟ್ಟೆ ಅಂಗಡಿ. ಮಗ ಅಂಗಡಿ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಮಗನಿಗೆ ಬಟ್ಟೆ ಮಾರುವುದಕ್ಕಿಂತ ಬಟ್ಟೆ ಕಲ್ಪಿಸುವುದು ಬೇಕಿತ್ತು. ಅವನ ಉಡುಪುಗಳ ಕಸೂತಿ ದಶಕಗಳ ಕಾಲ ನಮ್ಮ ಕೋಲ್ಕತ್ತದ ಕಸೂತಿಗಾರರ ಕೈಯಿಂದ ಬಂದದ್ದು. ಕಸೂತಿ ಬೇಡದ ಋತುವಿನಲ್ಲೂ ಅವರ ಕೆಲಸ ತಪ್ಪದಿರಲೆಂದು ಹೇಗಾದರೂ ಸ್ವಲ್ಪ ಸೇರಿಸುತ್ತಿದ್ದ. ಅಜ್ಜ ಬೆಲ್ಜಿಯಂನಲ್ಲಿದ್ದ ಆ ಜೂನ್ ತಿಂಗಳಲ್ಲೇ ಅವನು ತನ್ನ ಕೊನೆಯ ಪ್ರದರ್ಶನ ನಡೆಸಿ ನಿವೃತ್ತನಾದ.

ಮಾರ್ಟಿನ್ ಮಾರ್ಜೆಲಾ ಆ ಆರರಲ್ಲಿ ಸೇರಿದವನಲ್ಲ, ಆದರೆ ಅದೇ ಅಕಾಡೆಮಿಯವನು. ಸೈನಿಕರ ಉಣ್ಣೆಯ ಕಾಲುಚೀಲಗಳನ್ನು ಬಿಚ್ಚಿ ಜೋಡಿಸಿ ಸ್ವೆಟರ್ ಮಾಡಿದ. ಕಾಲುಚೀಲದ ಹಿಮ್ಮಡಿಯ ಉಬ್ಬು ಸರಿಯಾಗಿ ಮೊಣಕೈಗೆ ಬರುವಂತೆ. 1997ರಲ್ಲಿ ಪಕ್ಕದ ದೇಶದ ರಾಟರ್‌ಡ್ಯಾಮ್‌ನಲ್ಲಿ, ಸೂಕ್ಷ್ಮಜೀವಿ ಶಾಸ್ತ್ರಜ್ಞರೊಬ್ಬರ ನೆರವಿನಿಂದ, ತನ್ನ ಉಡುಪುಗಳ ಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಸಿ ಪ್ರದರ್ಶನಕ್ಕಿಟ್ಟ. ದಿನದಿಂದ ದಿನಕ್ಕೆ ಬಟ್ಟೆಯ ಬಣ್ಣ ಬದಲಾಗುತ್ತಿತ್ತು.

"ಹಳೇದು ಬಿಚ್ಚಿ ಹೊಸದು ಮಾಡೋದು ನಿಮ್ಮಜ್ಜಿಗೂ ಬರ್ತಿತ್ತು" ಎಂದರು ಅಜ್ಜ. "ಕೌದಿ ಹೊಲೀತಿದ್ಲಲ್ಲ. ನಿಮ್ಮಪ್ಪ ಅದನ್ನೇ ಹೊದ್ದು ಬೆಳೆದಿದ್ದು."

ಮಗ ಏನೂ ಹೇಳಲಿಲ್ಲ.

* * *

ಮನೆಗೆ ಬಂದ ರಾತ್ರಿ ಮೊಮ್ಮಗಳು ತಾನು ಹೊಲಿದ ಒಂದು ಕೋಟು ತಂದು ಅಜ್ಜನ ಮುಂದೆ ಹಿಡಿದಳು. ಅಪ್ಪ ಬಿಟ್ಟುಹಾಕಿದ ಆಫೀಸಿನ ನಾಲ್ಕು ಅಂಗಿಗಳನ್ನು ಬಿಚ್ಚಿ ಮಾಡಿದ್ದು. ಪ್ರವೇಶ ಪರೀಕ್ಷೆಗೆ ಒಯ್ಯಬೇಕಾದ ಕೆಲಸಗಳಲ್ಲಿ ಅದೂ ಒಂದು. ಅಜ್ಜ ಚೆಂದವಿದೆ ಎನ್ನಲಿಲ್ಲ. ಒಳಮಗ್ಗಲು ಹೊರಗೆ ತಿರುಗಿಸಿ ದೀಪದ ಕೆಳಗೆ ಹಿಡಿದರು. ಎಡ ತೋಳಿನ ಮೇಲೆ ಹೆಬ್ಬೆರಳು ಓಡಿಸಿದರು.

"ಇದು ಹಾಸಿನ ನೇರಕ್ಕಿಲ್ಲ. ಓರೆ ಕತ್ತರಿಸೀಯ. ನಾಲ್ಕು ಸಲ ಒಗೆದ್ರೆ ತಿರುಚ್ಕೊಳ್ತೈತೆ."

"ಅಜ್ಜಾ, ಅದು ಯಾರಿಗೂ ಕಾಣಲ್ಲ."

"ನಿನಗೆ ಕಂಡೈತಲ್ಲ ಈಗ?"

ಹುಡುಗಿಯ ಮುಖ ಕೆಂಪಾಯಿತು. ಕೋಟು ಎತ್ತಿಕೊಂಡು ಒಳಗೆ ಹೋದಳು. ಅಜ್ಜನಿಗೆ ನಿದ್ದೆ ಬರಲಿಲ್ಲ. ಹೆಚ್ಚು ಮಾತಾಡಿದೆನೇನೋ ಎಂಬ ಕಸಿವಿಸಿ. ನೀರು ಕುಡಿಯಲು ಎದ್ದಾಗ ಅವಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಎಡ ತೋಳನ್ನು ಒಂದೊಂದೇ ಹೊಲಿಗೆ ಕಿತ್ತು ಬಿಚ್ಚುತ್ತಿದ್ದಳು. ಗಂಟೆ ಒಂದೂವರೆ.

ಬೆಳಿಗ್ಗೆ ಮಗ ಕಾಫಿ ತಂದು ಕೊಟ್ಟು ಎದುರಿಗೆ ಕೂತ. "ಹೇಳಿದ್ರಾ ಅಪ್ಪಾ?"

"ಹೇಳಿದೆ. ತೋಳು ಸರಿಯಿಲ್ಲ ಅಂದೆ. ಅಳಲಿಲ್ಲ, ಕೂತು ಬಿಚ್ಚಿದ್ಲು. ನೀನೂ ಸಿಇಟಿ ವರ್ಷ ಹಂಗೇ ಕೂತಿದ್ದೆ."

"ಅದ್ರಲ್ಲಿ ಹೊಟ್ಟೆ ತುಂಬುತ್ತಾ? ಬಟ್ಟೆ ನಂಬಿದವನು ಬೆತ್ತಲೆ ಅಂತ ನೀವೇ ಹೇಳ್ತಿದ್ರಿ."

ಅಜ್ಜ ಲೋಟ ಕೆಳಗಿಟ್ಟರು. "ಹೇಳ್ತಿದ್ದೆ. ತುಂಬುತ್ತೋ ಇಲ್ವೋ ನನಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಒಂದೇ ನಮೂನೆ ಬಟ್ಟೆ ನೇಯ್ದೆ ಕಣೋ. ಅದು ಎಲ್ಲಿಗೆ ಹೋಯ್ತು, ಯಾರು ಉಟ್ರು, ಅವರಿಗೆ ಬೇಕಾಗಿದ್ದು ಅದೇನಾ, ನನಗೆ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಗಿರಣಿಯವರೂ ಕೇಳ್ಲಿಲ್ಲ. ಇವಳು ಕೇಳ್ತಾಳೆ. ಪರೀಕ್ಷೆ ಬರೀಲಿ ಬಿಡು."

ಅವಳು ಪರೀಕ್ಷೆ ಬರೆದಳು. ಆ ವರ್ಷ ಸೀಟು ಸಿಗಲಿಲ್ಲ. ಆ ಅಕಾಡೆಮಿಯಲ್ಲಿ ಸೇರುವುದೂ ಕಷ್ಟ, ಉಳಿಯುವುದೂ ಕಷ್ಟ. ಮೊದಲ ವರ್ಷ ಸೇರಿದವರಲ್ಲಿ ಕೊನೆಯ ವರ್ಷ ತಲುಪುವವರು ಕೆಲವರೇ. ಎರಡನೆಯ ವರ್ಷದಲ್ಲಿ, ನೂರಾರು ವರ್ಷ ಹಿಂದಿನ ಉಡುಪೊಂದನ್ನು ಅಂದಿನ ಕ್ರಮದಲ್ಲೇ ಹೊಲಿದು ತೋರಿಸಬೇಕು. ಮನಸ್ಸಿಗೆ ತೋಚಿದ್ದನ್ನು ಮಾಡುವ ಸ್ವಾತಂತ್ರ್ಯ ಬರುವುದು ಇಂಥ ಕೆಲಸದ ಬೆನ್ನಿಗೆ.

ತಂದೆಗೆ ಒಳಗೊಳಗೇ ಸಮಾಧಾನವಾಗಿದ್ದರೂ ಇರಬಹುದು. ಆದರೆ ದಾವಣಗೆರೆಯಿಂದ ಫೋನು ಬಂತು. "ದಾರ ಹರಿದ್ರೆ ಮಗ್ಗ ನಿಲ್ತೈತವ್ವ. ಗಂಟು ಹಾಕಿ ಮತ್ತೆ ಚಾಲೂ ಮಾಡೋದು." ಬೆಲ್ಜಿಯಂನ ಡಚ್ ಭಾಗದ ಊರೂರಲ್ಲೂ ಸಂಜೆ ಮತ್ತು ಶನಿವಾರ ನಡೆಯುವ ಕಲಾಶಾಲೆಗಳಿವೆ. ಸರ್ಕಾರದ ನೆರವಿನಿಂದ ನಡೆಯುವ ಅವುಗಳಿಗೆ ಆರು ವರ್ಷದ ಮಕ್ಕಳಿಂದ ಹಿಡಿದು ಮುದುಕರವರೆಗೆ ಯಾರೂ ಸೇರಬಹುದು. ಅಂಥದೊಂದರಲ್ಲಿ ಅವಳು ಒಂದು ವರ್ಷ ಬರೀ ಚಿತ್ರ ಬರೆದಳು. 2025ರಲ್ಲಿ ಎರಡನೆಯ ಸಲ ಹೋದಾಗ ಸೀಟು ಸಿಕ್ಕಿತು. ಆಂಟ್‌ವರ್ಪ್‌ನ ಬಾಡಿಗೆ ಕೋಣೆಗೆ ಹೊಲಿಗೆ ಯಂತ್ರವನ್ನು ಮೂರು ಮಹಡಿ ಹೊತ್ತು ಹತ್ತಿಸಿದವನು ತಂದೆಯೇ. ಇಳಿದು ಬರುವ ಮುಂಚೆ ಅದರ ದಾರದ ಬಿಗಿ ಹೊಂದಿಸುವ ಸ್ಪ್ರಿಂಗನ್ನು ಬಿಚ್ಚಿ ನೋಡಿ, ಮತ್ತೆ ಕೂಡಿಸಿದನಂತೆ.

ಮಕ್ಕಳು ಆರಿಸಿದ ದಾರಿ ಸರಿಯೋ ತಪ್ಪೋ ಎಂದು ಮೊದಲೇ ಹೇಳಬಲ್ಲ ತಂದೆ ತಾಯಿ ಯಾರಿದ್ದಾರೆ? ಅವರು ಅದರ ಮುಂದೆ ಎಷ್ಟು ಹೊತ್ತು ಕೂರುತ್ತಾರೆ, ತಪ್ಪಿದ್ದನ್ನು ಬಿಚ್ಚಲು ಹಿಂಜರಿಯುತ್ತಾರೋ ಇಲ್ಲವೋ ಎಂಬುದನ್ನಾದರೂ ನೋಡಬಹುದು.

ಈಗ ಪ್ರತಿ ಭಾನುವಾರ ಮೊಮ್ಮಗಳಿಗೆ ಅಜ್ಜನ ಫೋನು ಹೋಗುತ್ತದೆ. ಏನು ಹೊಲಿದೆ ಎಂದು ಅವರು ಕೇಳುವುದಿಲ್ಲ.

"ಈ ವಾರ ಏನು ಬಿಚ್ಚಿದೆಯವ್ವ?"